ಎಂದರೆ ಸರಿ

ಮುನ್ನೂರಿಪ್ಪತ್ತು ಮೂಟೆ ರೊಬಸ್ಟಾ. ಅಷ್ಟೇ ವಿಷಯ.
ಕುಶಾಲನಗರದ ಕ್ಯೂರಿಂಗ್ ವರ್ಕ್ಸ್‌ನಿಂದ ಹೊರಟದ್ದು,
ಮಂಗಳೂರಿನ ಗೋದಾಮಿನ ಬಾಗಿಲಲ್ಲಿ ನಿಂತದ್ದು,
ಮುಗ್ಗಲು ಎಂಬ ಒಂದು ಮಾತಿಗೆ ವಾಪಸು ಬಂದದ್ದು.
ಆ ಮಾತಿನ ಬೆಲೆ ಬಡ್ಡಿ ಸೇರಿ ಅರವತ್ತೊಂದು ಲಕ್ಷ ಎಂದು
ದಾವಾಪತ್ರದ ಹದಿನಾಲ್ಕನೇ ಕಲಮಿನಲ್ಲಿ ನಾನೇ ಬರೆದೆ.

ನನ್ನ ಕೆಲಸವೇನೆಂದು ಕೇಳಿದವರಿಗೆ ಹೇಳುತ್ತೇನೆ:
ಕೊಲೆಯಿಲ್ಲ, ಡೈವೋರ್ಸಿಲ್ಲ, ಬರೀ ಕಾಗದ.
ಇನ್‌ವಾಯ್ಸು, ಲಾರಿ ರಸೀದಿ,
ರಾತ್ರಿ ಹನ್ನೊಂದೂವರೆಯ ವಾಟ್ಸ್ಯಾಪ್ ಮೆಸೇಜು:
"ಓಕೆ ಕುಟ್ಟಯ್ಯ, ಕಳಿಸಿ."
ಆ ಓಕೆ ಒಪ್ಪಂದವೋ, ನಿದ್ದೆಗಣ್ಣೋ ಎಂದು
ಎರಡು ವಾಯಿದೆ ವಾದಿಸಿದ್ದೇವೆ.
ಮಳೆಗಾಲ ಬಂತೆಂದರೆ ನನ್ನ ಜೂನಿಯರ್ ಫಸೀಲಾ
ಕಡತಗಳ ದಾರ ಬಿಚ್ಚಿ ಬಲ್ಬಿನಡಿ ಒಣಗಿಸುತ್ತಾಳೆ.
ಮಡಿಕೇರಿಯಲ್ಲಿ ಕಾಗದವೂ ಮುಗ್ಗುತ್ತದೆ.
(ಇದನ್ನು ಎದುರು ವಕೀಲರಿಗೆ ಹೇಳಬೇಡಿ.)

ನಮ್ಮ ಪಾಲಿನ ಸ್ಯಾಂಪಲ್ ಚೀಲ ಬಂದ ದಿನ
ಮೇಜಿನ ಮೇಲೆ ಬಿಚ್ಚಿ
ಒಂದು ಹಿಡಿ ಮೂಗಿನ ಹತ್ತಿರ ತಂದೆ.
ಕುಟ್ಟಯ್ಯ ಕಿಟಕಿಯಾಚೆಯ ಮಂಜು ನೋಡುತ್ತಿದ್ದರು.
"ಹೇಗಿದೆ?"
ಮತ್ತೆ ಸುರಿದು, ಬಾಯಿ ಕಟ್ಟಿ, ಗಂಟು ಬಿಗಿದು
"ಹೇಗಿದೆ ಅಂತ ನಾವು ರುಜುವಾತು ಮಾಡಬೇಕಿಲ್ಲ," ಎಂದೆ.
"ಅವರು ಮಾಡಲಿ."

ಅವರ ಸಾಕ್ಷಿ ಲಸ್ರಾದೊ.
ನಲವತ್ತು ವರ್ಷ ಕಾಫಿ ಹೀರಿ ಉಗುಳಿದ ನಾಲಿಗೆ.
ಅವರೊಮ್ಮೆ ತಲೆಯಾಡಿಸಿದರೆ ಸಾಕು,
ವಿರಾಜಪೇಟೆಯಿಂದ ಲಾರಿಗಳು ತಿರುಗಿ ಹೋಗುತ್ತಿದ್ದವು.
ಮುಖ್ಯ ವಿಚಾರಣೆಯಲ್ಲಿ ಅವರು ಹೇಳಿದ್ದೆಲ್ಲ ನಿಜವಿತ್ತು.
ಅದು ನನಗೆ ಗೊತ್ತಿತ್ತು.
ಗೊತ್ತಿದ್ದದ್ದು ಇನ್ನೂ ಒಂದು:
ಜನವರಿಯ ಮದುವೆಯೂಟವೊಂದರಲ್ಲಿ
ಅವರ ಹೆಂಡತಿ ಸೆವ್ರಿನ್ ಬಾಯಿ ಪಕ್ಕದಲ್ಲಿ ಕೂತು
ದನಿ ತಗ್ಗಿಸಿ ಅಂದಿದ್ದರು:
"ಆ ಜ್ವರ ಬಂದಾಗಿನಿಂದ ಇವರಿಗೆ ಏನೂ ವಾಸನೆ ಬರಲ್ಲ.
ಸಾರಿಗೆ ಕಾಚಂಪುಳಿ ಹಾಕಿದ್ದೀನೋ ಇಲ್ಲವೋ ಕೂಡ.
ಯಾರಿಗೂ ಹೇಳಬೇಡಿ."

ಪಾಟೀ ಸವಾಲಿಗೆ ಎದ್ದು ನಿಂತೆ. ಒಂದೇ ಪ್ರಶ್ನೆ.
"ಪರೀಕ್ಷೆ ಮಾಡಿದ ದಿನ ನಿಮಗೆ ವಾಸನೆ ತಿಳಿಯುತ್ತಿತ್ತೆ?"
ಟೈಪ್ ಮಾಡುತ್ತಿದ್ದ ಹುಡುಗಿಯ ಕೈ ನಿಂತಿತು.
"ಕಾಳಿನ ನಡುಗೆರೆ ಕಪ್ಪಾಗಿತ್ತು, ಮೇಡಂ.
ಉಜ್ಜಿದರೆ ಒಂಥರಾ ಪುಡಿ. ಕೈಗೆ ಗೊತ್ತಾಗುತ್ತೆ..."
"ಕೇಳಿದ್ದಕ್ಕೆ ಉತ್ತರ ಕೊಡಿ. ಹೌದೋ, ಇಲ್ಲವೋ."
ಅವರು ನನ್ನನ್ನು ನೋಡಲಿಲ್ಲ.
ತಮ್ಮ ಬೆರಳುಗಳನ್ನು ನೋಡಿಕೊಂಡರು.
ಇಲ್ಲ ಎಂದರು.
ನ್ಯಾಯಾಧೀಶರು ಬರೆಸಿದರು:
'ಸದರಿ ದಿನದಂದು ನನಗೆ ವಾಸನೆ ತಿಳಿಯುತ್ತಿರಲಿಲ್ಲ
ಎಂದರೆ ಸರಿ.'
ನಮ್ಮ ಕೋರ್ಟಿನ ಕನ್ನಡ ಹೀಗೆ.
ಕೇಳಿದವಳ ಮಾತೇ ಹೋಗಿ
ಹೇಳಿದವನ ಬಾಯಲ್ಲಿ ಕೂರುತ್ತದೆ,
ಕೆಳಗೆ ಅವನ ರುಜು.

ಡಿಕ್ರಿಯಾಯಿತು, ಖರ್ಚು ಸಮೇತ.
ಕುಟ್ಟಯ್ಯ ಫೀಸಿನ ಜೊತೆ ಒಂದು ಡಬ್ಬ ಪುಡಿ ಕೊಟ್ಟರು.
ಒಳ್ಳೆಯ ಪುಡಿ.
ಆ ಮೂಟೆಗಳದ್ದಲ್ಲ.

ಮಾರ್ಚ್. ಹೂಮಳೆ ಬಿದ್ದು ಹತ್ತನೇ ದಿನ.
ವಿರಾಜಪೇಟೆಯ ಕೋರ್ಟಿಗೆ ಹೋಗುವಾಗ
ಅಮ್ಮತ್ತಿಯಲ್ಲಿ ಬಸ್ಸು ತಪ್ಪಿಸಿಕೊಂಡು ನಿಂತಿದ್ದರು.
ಕಾರು ನಿಲ್ಲಿಸಿದೆ. ಸ್ವಲ್ಪ ಯೋಚಿಸಿ ಹತ್ತಿದರು.
ಕೇಸಿನ ಮಾತೆತ್ತಲಿಲ್ಲ, ಅವರೂ, ನಾನೂ.
ರಸ್ತೆಯ ಎರಡೂ ಬದಿ ತೋಟ ಬೆಳ್ಳಗೆ.
ಗಾಜು ಇಳಿಸಿ ಮುಖ ಹೊರಗೆ ಚಾಚಿ ಕೂತಿದ್ದವರು
ಒಂದು ಮೈಲಿ ಕಳೆದ ಮೇಲೆ ಕೇಳಿದರು:
"ಬರ್ತಾ ಇದೆಯಾ?"
"ಹೌದು."
"ಹೇಗೆ?"

ತಿರುವು ಬಂತು. ಎರಡನೇ ಗೇರಿಗೆ ಇಳಿಸಿದೆ.
ಎದುರಿಂದ ಮೂಟೆ ಹೇರಿದ ಲಾರಿ;
ದಾರಿ ಬಿಡಲು ಬೇಲಿಗೊತ್ತಿದಾಗ
ಕೊಂಬೆಯೊಂದು ಒಳಗೆ ತೂರಿ
ಅವರ ಮಡಿಲಿಗೆ ನಾಲ್ಕಾರು ಹೂ ಉದುರಿಸಿತು.
ಒಂದನ್ನೆತ್ತಿ ಹೆಬ್ಬೆರಳಲ್ಲಿ ಮೆಲ್ಲಗೆ ಉಜ್ಜಿದರು.
"ಎರಡು ದಿನದ ಹೂ," ಎಂದರು, "ನಾಳೆಗೆ ಕಂದುತ್ತೆ."

ನಾನು ಅಡ್ಡ ಮಾತಾಡಲಿಲ್ಲ.